ಚಿಗರಿ ಹಿಡಿದು ಕಾಡಿಗೆ ಬಿಟ್ಟರೆ ಮುಗಿಯಿತಾ?

[ದೃಶ್ಯ: ಕುಕನೂರು ಕಡೆಯ ಎರೆ ಹೊಲ, ಬೆಳಗಿನ ಹೊತ್ತು. ದೂರದಲ್ಲಿ ಚಿಗರಿ ಹಿಂಡು.]

ನಮಸ್ಕಾರ ರೀ ಎಲ್ಲರಿಗೂ. ಕೊಪ್ಪಳ ಜಿಲ್ಲೆಯ ಯಲಬುರ್ಗಾ, ಕುಕನೂರು ಕಡೆ ಕಡಲೆ ಬಿತ್ತಿದ ಯಾರನ್ನೇ ಮಾತಾಡಿಸಿ. ಮಳೆ ಬಗ್ಗೆ ಎರಡು ಮಾತು, ರೇಟಿನ ಬಗ್ಗೆ ಎರಡು ಮಾತು, ಆಮೇಲೆ ಬೆಳೆ ಮೇಯುವ ಚಿಗರಿ, ಅಂದರೆ ಕೃಷ್ಣಮೃಗದ ಬಗ್ಗೆ ಅರ್ಧ ಗಂಟೆ. ಕೊನೆಗೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ಅರಣ್ಯ ಇಲಾಖೆಯವರು ಇವನ್ನೆಲ್ಲ ಹಿಡಿದು ಕಾಡಿಗೆ ಬಿಡಬಾರದಾ?" ಸಿಟ್ಟು ನ್ಯಾಯವಾದದ್ದೇ. ಆದರೆ ತೊಡಕು ಏನೆಂದರೆ, ಚಿಗರಿಗೆ ಕಾಡು ಬೇಕಾಗಿಲ್ಲ.

[ದೃಶ್ಯ: ಕರಿ ಗಂಡು ಚಿಗರಿ, ತಿರುಚಿದ ಕೊಂಬು ಹತ್ತಿರದಿಂದ]

ಕೃಷ್ಣಮೃಗ ಎನ್ನುವುದು ಪುಸ್ತಕದ ಹೆಸರು. ನಾವು ಜಿಂಕೆ ಅಂತಲೂ ಕರೆಯುತ್ತೇವೆ, ಆದರೆ ಚುಕ್ಕೆ ಜಿಂಕೆಯ ಜಾತಿ ಬೇರೆ. ಅದು ವರ್ಷಕ್ಕೊಮ್ಮೆ ಕೊಂಬು ಉದುರಿಸುತ್ತದೆ, ಇದು ಉದುರಿಸುವುದಿಲ್ಲ. ಅದಕ್ಕೆ ಗಿಡಮರ ಬೇಕು, ಇದಕ್ಕೆ ಬಯಲು ಬೇಕು. ಗಂಟೆಗೆ 80 ಕಿಲೋಮೀಟರ್‌ವರೆಗೆ ಓಡಬಲ್ಲ ಪ್ರಾಣಿ ಇದು, ಶತ್ರುವನ್ನು ದೂರದಿಂದಲೇ ನೋಡಿ ಓಡಿ ಬದುಕುತ್ತದೆ. ದಟ್ಟ ಕಾಡಿನಲ್ಲಿ ನೋಡುವುದಕ್ಕೂ ಆಗಲ್ಲ, ಓಡುವುದಕ್ಕೂ ಆಗಲ್ಲ. ಹಾಗಾಗಿ ನಮ್ಮ ಮರವಿಲ್ಲದ ಎರೆ ಭೂಮಿ, ಮಧ್ಯೆ ಮಧ್ಯೆ ಇದ್ದ ಗಾಯರಾಣ (ಊರ ದನ ಮೇಯುವ ಗೋಮಾಳ), ಬೀಳು ನೆಲ, ಇವೇ ಅದರ ಊರು. ಈಗ ಗಾಯರಾಣ ಕರಗುತ್ತಿದೆ. ಗಾಳಿ ಫ್ಯಾನು ಬಂದಿವೆ, ಲೇಔಟ್ ಬಂದಿವೆ, ತಳಕಲ್‌ನಿಂದ ಕುಷ್ಟಗಿಗೆ ರೈಲು ದಾರಿಯೂ ಬಂತು. ಚಿಗರಿ ಮಾತ್ರ ಎಲ್ಲಿಗೂ ಹೋಗಿಲ್ಲ, ಅಲ್ವಾ?

ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲೇ ಇದಕ್ಕಾಗಿ ಅಭಯಾರಣ್ಯ ಮಾಡಿದರು, ಸುಮಾರು 119 ಚದರ ಕಿಲೋಮೀಟರ್. ಅಲ್ಲಿ ದೊಡ್ಡ ಪ್ರದೇಶದಲ್ಲಿ ನೀಲಗಿರಿ ನೆಟ್ಟಿದ್ದಾರೆ. ಮರ ಬೆಳೆದ ಕಡೆ ಚಿಗರಿಗೆ ಮೇಯುವ ಬಯಲು ಉಳಿಯಲ್ಲ, ಸುತ್ತಲಿನ ಹೊಲಕ್ಕೆ ನುಗ್ಗುತ್ತದೆ. ಬೇಲಿ ಹಾಕಿ ಸಸಿ ನೆಟ್ಟು "ಚಿಗರಿ ಪಾರ್ಕ್" ಅಂತ ಬೋರ್ಡ್ ಹಾಕಿದರೆ ಸಾಕು ಎನ್ನುವವರು ಒಮ್ಮೆ ಅಲ್ಲಿಗೆ ಹೋಗಿ ಬರಬೇಕು.

ಇನ್ನು ಹಿಡಿಯುವ ಮಾತು. ಅಟ್ಟಿಸಿಕೊಂಡು ಹೋಗಿ ಬಲೆ ಹಾಕಿದರೆ ಸಿಗುತ್ತದೆ, ಆದರೆ ಭಯಕ್ಕೆ, ಓಟಕ್ಕೆ ಅದರ ಸ್ನಾಯುಗಳೇ ಹಾಳಾಗುತ್ತವೆ. ಗಾಯ ಒಂದೂ ಕಾಣಲ್ಲ, ಗಂಟೆಗಳ ನಂತರವೋ ದಿನಗಳ ನಂತರವೋ ಸಾಯುತ್ತದೆ. ಆಫ್ರಿಕಾದಿಂದ ಬಂದ ಬೋಮಾ ಎಂಬ ವಿಧಾನ ಇದಕ್ಕಿಂತ ಮೇಲು. ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾದ ದೊಡ್ಡ ಆವರಣ ಮಾಡಿ, ಬಟ್ಟೆಯಿಂದ ಮರೆ ಕಟ್ಟಿ, ಹಿಂಡನ್ನು ನಿಧಾನಕ್ಕೆ ಲಾರಿಯವರೆಗೆ ನಡೆಸುವುದು. ಮಧ್ಯಪ್ರದೇಶದಲ್ಲಿ ಮಾಡಿದ್ದಾರೆ. ಸರಿ, ಇಲ್ಲೂ ಮಾಡಿದೆವು ಅಂತಿಟ್ಟುಕೊಳ್ಳಿ. ಲಾರಿ ಹೊರಟಿತು. ಎಲ್ಲಿಗೆ? ಇಳಿಸುವುದಕ್ಕೆ ಇನ್ನೊಂದು ಬಯಲು ಬೇಕಲ್ಲ, ಅಲ್ಲೂ ಯಾರೋ ಕಡಲೆ ಬಿತ್ತಿರುತ್ತಾರೆ.

[ದೃಶ್ಯ: ಅಮೆರಿಕದ ಮನೆಗಳ ಅಂಗಳದಲ್ಲಿ ಬಿಳಿಬಾಲದ ಜಿಂಕೆಗಳು]

ಅಮೆರಿಕದಲ್ಲಿ ಜಿಂಕೆ ಮನೆ ಅಂಗಳಕ್ಕೇ ಬರುತ್ತದೆ. ಬಹಳ ಕಡೆ ಪರವಾನಗಿ ಕೊಟ್ಟು ಬೇಟೆಯಾಡಿಸುತ್ತಾರೆ. ನ್ಯೂಯಾರ್ಕ್ ನಗರದ ಸ್ಟ್ಯಾಟನ್ ಐಲ್ಯಾಂಡ್‌ನಲ್ಲಿ ಹಾಗೆ ಮಾಡದೆ, 2016ರಿಂದ ಗಂಡು ಜಿಂಕೆಗಳಿಗೆ ಸಂತಾನಹರಣ ಆಪರೇಷನ್ ಶುರು ಮಾಡಿದರು. ಸುತ್ತ ನೀರಿರುವ ದ್ವೀಪ, ಹಾಗಾಗಿ ಹೊರಗಿನಿಂದ ಬರುವ ಜಿಂಕೆ ಕಡಿಮೆ. (ಆದರೂ ನ್ಯೂಜೆರ್ಸಿಯಿಂದ ಈಜಿಕೊಂಡು ಬರುತ್ತವಂತೆ, ಮಹಾ ಕಿಲಾಡಿಗಳು.) ನಮ್ಮ ಬಯಲಿಗೆ ಎಲ್ಲಿದೆ ಗಡಿ? ಗದಗದ ಕಡೆಯಿಂದ ಇನ್ನೊಂದು ಹಿಂಡು ನಡೆದುಕೊಂಡೇ ಬರುತ್ತದೆ.

ಗುಂಡು ಹೊಡೆಯುವ ಮಾತು ಬಿಟ್ಟುಬಿಡಿ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಚಿಗರಿ ಇದೆ. ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಆ ಪಟ್ಟಿಯ ಪ್ರಾಣಿ ಮನುಷ್ಯನ ಜೀವಕ್ಕೆ ಅಪಾಯವಾದರೆ, ಇಲ್ಲವೇ ವಾಸಿಯಾಗದ ರೋಗ, ಗಾಯ ಇದ್ದರೆ ಮಾತ್ರ ಕೊಲ್ಲುವ ಅನುಮತಿಯ ಪ್ರಶ್ನೆ ಏಳುತ್ತದೆ. ಬೆಳೆ ಹಾಳು ಮಾಡಿತು ಎನ್ನುವುದು ಅಲ್ಲಿ ಕಾರಣವೇ ಅಲ್ಲ.

[ದೃಶ್ಯ: ಮೊಳಕೆ ಎದ್ದ ಕಡಲೆ ಸಾಲು]

ಹಾಗಾದರೆ ರೈತ ಏನು ಮಾಡಬೇಕು? ನನ್ನ ಪ್ರಕಾರ ಲೆಕ್ಕ ಹಾಕಬೇಕಾದದ್ದು ಮೊದಲ ತಿಂಗಳು. ಮುಂಗಾರಿನ ಹೆಸರು ಬೆಳೆ, ದಸರಾ ಸುತ್ತಮುತ್ತ ಬಿತ್ತಿದ ಕಡಲೆ, ಎರಡೂ ಎಳೆ ಎಲೆ ಇದ್ದಾಗಲೇ ಚಿಗರಿಗೆ ಜಾಸ್ತಿ ರುಚಿ. ಸುಳಿ ಕಡಿದರೆ ಗಿಡ ಸೊರಗುತ್ತದೆ, ಹಿಂಡು ಓಡಾಡಿದರೆ ತುಳಿತಕ್ಕೇ ಸಾಲು ಹಾಳು. ನಮ್ಮ ಹಿರಿಯರು ಹೊಲದ ಅಂಚಿಗೆ ಕುಸುಬಿ ಹಾಕುತ್ತಿದ್ದರು, ಮುಳ್ಳಿಗೆ ದನ ಒಳಗೆ ಬರಲ್ಲ ಅಂತ. ಒಳ್ಳೆಯ ಉಪಾಯ. ಆದರೆ ಕುಸುಬಿಗೆ ಮುಳ್ಳು ಬಲಿಯುವಷ್ಟರಲ್ಲಿ ಕಡಲೆಯ ಎಳೆ ವಯಸ್ಸು ದಾಟಿರುತ್ತದೆ. ಮೊದಲ ತಿಂಗಳು ಕುಸುಬಿಯೂ ಎಳೆ ಮಗುವೇ, ಅದನ್ನು ನಂಬಿ ಮಲಗುವ ಹಾಗಿಲ್ಲ.

ಹಳೆ ಸೀರೆ ಕಟ್ಟುವುದು, ಹೊಳೆಯುವ ಟೇಪು, ಪಟಾಕಿ, ಸ್ಪೀಕರ್‌ನಲ್ಲಿ ಕೂಗು, ಎಲ್ಲವೂ ನಡೆಯುತ್ತದೆ, ಸ್ವಲ್ಪ ದಿನ. ಆಮೇಲೆ ಸೀರೆ ಪಕ್ಕದಲ್ಲೇ ಮೇಯುತ್ತವೆ. ಜಾಗ ಬದಲಿಸುತ್ತ, ಬೇರೆ ಬೇರೆ ಉಪಾಯ ಮಾಡುತ್ತ ಇರಬೇಕು. ಇನ್ನೊಂದು ವಿಷಯ ಯಾರೂ ಹೇಳಲ್ಲ: ನೀವೊಬ್ಬರೇ ಕಾದರೆ ಹಿಂಡು ಪಕ್ಕದವರ ಹೊಲಕ್ಕೆ ಹೋಗುತ್ತದೆ, ಅವರು ಓಡಿಸಿದರೆ ಮತ್ತೆ ನಿಮ್ಮಲ್ಲಿಗೆ. ಅಕ್ಕಪಕ್ಕದ ಹೊಲದವರು ಪಾಳಿ ಹಾಕಿಕೊಂಡು ಕಾಯಬೇಕು, ಬಿತ್ತನೆಯನ್ನೂ ಆದಷ್ಟು ಒಟ್ಟಿಗೆ ಮಾಡಬೇಕು. ಒಬ್ಬನ ಹೊಲ ಮಾತ್ರ ಮೊದಲು ಹಸಿರಾದರೆ ಊರಿನ ಚಿಗರಿಯೆಲ್ಲ ಅಲ್ಲೇ.

ಸೋಲಾರ್ ಬೇಲಿ ಹಾಕುವವರು ಕೆಳಗಿನ ತಂತಿ ನೆಲಕ್ಕೆ ಹತ್ತಿರ ಇಡಿ, ಚಿಗರಿ ಸಾಧ್ಯವಾದರೆ ಹಾರುವ ಬದಲು ಕೆಳಗೇ ನುಸುಳುತ್ತದೆ. ಕಂಬದಿಂದ ನೇರ ಕರೆಂಟ್ ಎಳೆಯಲೇಬೇಡಿ. ಸೋಲಾರ್ ಬೇಲಿ ತಟ್ಟಿ ಬಿಡುತ್ತದೆ, ಲೈನ್ ಕರೆಂಟ್ ಹಿಡಿದು ಕೊಲ್ಲುತ್ತದೆ. ನಸುಕಿನಲ್ಲಿ ಹೊಲಕ್ಕೆ ಬಂದ ಪಕ್ಕದ ಮನೆಯ ಕಾಕಾ ಸತ್ತರೆ ಏನು ಹೇಳುತ್ತೀರಿ?

[ದೃಶ್ಯ: ಊರಂಚಿನ ಲೇಔಟ್, ಬೀದಿ ನಾಯಿಗಳು]

ಊರಂಚಿನ ಲೇಔಟ್‌ನವರಿಗೂ ಎರಡು ಮಾತು. ಚಿಗರಿ ಬಂತೆಂದು ಅನ್ನ, ರೊಟ್ಟಿ ಹಾಕಬೇಡಿ, ಮನುಷ್ಯರ ಭಯ ಹೋದರೆ ನಾಯಿ ಬಾಯಿಗೆ ಬೀಳುತ್ತದೆ. ಕಸ ಸುರಿದ ಕಡೆ ನಾಯಿ ಹೆಚ್ಚುತ್ತವೆ, ಗುಂಪು ಕಟ್ಟಿ ಚಿಗರಿ ಮರಿ ಹಿಡಿಯುತ್ತವೆ. ಹುಲ್ಲಿನಲ್ಲಿ ಮರಿ ಒಂಟಿಯಾಗಿ ಮಲಗಿದ್ದರೆ "ಅಯ್ಯೋ ಪಾಪ" ಅಂತ ಎತ್ತಿಕೊಂಡು ಬರಬೇಡಿ. ತಾಯಿ ಬೇಕಂತಲೇ ಅಡಗಿಸಿಟ್ಟು ಮೇಯಲು ಹೋಗಿರುತ್ತದೆ. ಮನೆಯಲ್ಲಿ ಸಾಕುವುದೂ ಅಪರಾಧವೇ. ಅಂದಹಾಗೆ, ಚಿಗರಿ ಸಂಖ್ಯೆ ಹಿಡಿತದಲ್ಲಿಡುವ ಹಳೆಯ ಕಾವಲುಗಾರ ತೋಳ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಧಾಮ ಇರುವುದು ಗೊತ್ತಲ್ವಾ? ಕುರಿ ಹಟ್ಟಿಯವರಿಗೆ ತೋಳ ಅಂದರೆ ಆಗಲ್ಲ, ಅದು ಬೇರೆ ವಿಡಿಯೋಗೆ ಬೇಕಾದಷ್ಟು ಮಾತು.

ಬೆಳೆ ಹಾಳಾದರೆ ಹರಗುವ ಮೊದಲು ಫೋಟೋ ತೆಗೆಯಿರಿ. ಹೆಜ್ಜೆ ಗುರುತು, ಹಿಕ್ಕೆ, ಕಡಿದ ಸುಳಿ, ಎಲ್ಲ ಕಾಣಬೇಕು. ಪಹಣಿ ಜೊತೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಪರಿಹಾರದ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಚಿಗರಿ ಬಾವಿಗೆ ಬಿದ್ದಿದ್ದರೆ ಹತ್ತು ಜನ ಸುತ್ತ ನಿಂತು ಮೊಬೈಲ್ ಹಿಡಿಯುವ ಬದಲು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಅವರು ಬರುವವರೆಗೆ ಗದ್ದಲ ಮಾಡಬೇಡಿ, ನಾಯಿ ಕಟ್ಟಿಹಾಕಿ.