ಮುಂದಿನ ಸೀಟು

ಕೇಳುಗರೆಲ್ಲರಿಗೂ ನಮಸ್ಕಾರ.

ಒಂದು ತುಂಡು ಉಲ್ಲನ್ ದಾರದಿಂದ ಮಾತು ಶುರು ಮಾಡುತ್ತೇನೆ. ಗೇಣಿಗಿಂತ ಚಿಕ್ಕದು, ಕೆಂಪು ಬಣ್ಣದ್ದು. ಗ್ಲೈಡರ್ ಅಂದರೆ ಎಂಜಿನ್ ಇಲ್ಲದೆ ಹಾರುವ ವಿಮಾನ. ಪೈಲಟ್ ತಲೆಯ ಮೇಲೆ ಗಾಜಿನಂಥ ಮುಚ್ಚಳ ಇರುತ್ತದಲ್ಲ, ಅದರ ಹೊರಮೈಗೆ ಈ ದಾರವನ್ನು ಟೇಪು ಹಾಕಿ ಅಂಟಿಸಿರುತ್ತಾರೆ. ದಾರ ನೆಟ್ಟಗೆ ಹಿಂದಕ್ಕೆ ಹಾರುತ್ತಿದ್ದರೆ ಗ್ಲೈಡರ್ ಗಾಳಿಯನ್ನು ಸರಿಯಾಗಿ ಸೀಳಿಕೊಂಡು ಹೋಗುತ್ತಿದೆ ಎಂದರ್ಥ. ಓರೆಯಾದರೆ ಕೈಯೋ ಕಾಲೋ ತಪ್ಪುತ್ತಿದೆ. ರೇಸಿಗೆ ಬರುವ ಕೋಟಿಗಟ್ಟಲೆ ಬೆಲೆಯ ಗ್ಲೈಡರಿನಲ್ಲೂ ಈ ದಾರ ಇದೆ.

ನಾನು ಅದನ್ನು ಮೊದಲು ಕಂಡಿದ್ದು ಇಂಗ್ಲೆಂಡಿನ ಒಂದು ಕ್ಲಬ್ಬಿನಲ್ಲಿ, ಎರಡು ಸೀಟಿನ ಗ್ಲೈಡರಿನಲ್ಲಿ. ಮುಂದಿನ ಸೀಟಿನಲ್ಲಿ ನಾನು, ಹಿಂದೆ ಮೂವತ್ತು ವರ್ಷ ಹಾರಿದ ಪೈಲಟ್. ಅವತ್ತು ರೇಸ್ ಇತ್ತು.

ಎಂಜಿನ್ನೇ ಇಲ್ಲದ ಮೇಲೆ ರೇಸ್ ಹೇಗೆ ಅಂತ ನಿಮಗೂ ಅನ್ನಿಸಬಹುದು. ನಮ್ಮೂರ ಮೇಲೆ ಹದ್ದು ರೆಕ್ಕೆ ಬಡಿಯದೆ ಸುತ್ತು ಹಾಕುತ್ತಾ ಮೇಲೇರುತ್ತದೆ ಅಲ್ವಾ, ಇದೂ ಹಾಗೇ. ಬಿಸಿಲಿಗೆ ನೆಲ ಕಾಯುತ್ತದೆ, ಬಿಸಿಗಾಳಿ ಮೇಲೇಳುತ್ತದೆ. ಗ್ಲೈಡರ್ ಅದರೊಳಗೆ ಸುತ್ತುತ್ತಾ ಎತ್ತರ ಗಳಿಸಿ, ಆಮೇಲೆ ಗುರಿಯ ಕಡೆ ಜಾರುತ್ತದೆ. ಒಳ್ಳೆ ಗ್ಲೈಡರಿಗೆ ಒಂದು ಕಿಲೋಮೀಟರ್ ಎತ್ತರ ಸಿಕ್ಕರೆ 40 ಕಿಲೋಮೀಟರ್ ದೂರ ಹೋಗಬಹುದು. ಬೆಳಿಗ್ಗೆ ಒಂದು ದಾರಿ ಕೊಡುತ್ತಾರೆ: ಈ ಊರು ಮುಟ್ಟಿ, ಆ ಊರು ಮುಟ್ಟಿ, ವಾಪಸ್ ಬನ್ನಿ. ಮುನ್ನೂರು ಕಿಲೋಮೀಟರ್ ಅಂದರೆ ಜಾಸ್ತಿ ಏನಲ್ಲ.

ಕಷ್ಟ ಇರುವುದು ತೀರ್ಮಾನದಲ್ಲಿ. ಈ ಬಿಸಿಗಾಳಿಯಲ್ಲೇ ಇನ್ನೂ ಏರಲೋ, ಬಿಟ್ಟು ಓಡಲೋ? ಮುಂದಿನದು ಜೋರಾಗಿರುತ್ತದೆ ಅನ್ನಿಸಿದರೆ ವೇಗವಾಗಿ ಹೋಗಬೇಕು, ಸಪ್ಪೆ ಅನ್ನಿಸಿದರೆ ಎತ್ತರ ಉಳಿಸಿಕೊಂಡು ನಿಧಾನ ಹೋಗಬೇಕು. ಈ ಲೆಕ್ಕವನ್ನು ಪೈಲಟ್ಟುಗಳ ಕೈಗೆಟುಕುವ ಹಾಗೆ ಮಾಡಿದವರು ಅಮೆರಿಕದ ಪಾಲ್ ಮೆಕ್ರೀಡಿ. 1956ರಲ್ಲಿ ವಿಶ್ವ ಚಾಂಪಿಯನ್ ಆದವರು. ಇಂದಿಗೂ ಪೈಲಟ್ಟುಗಳು ಅವರ ಹೆಸರಿನಲ್ಲೇ ಆ ಲೆಕ್ಕ ಹಾಕುತ್ತಾರೆ.

ಈ ಆಟಕ್ಕೆ ನೂರು ವರ್ಷದ ಮೇಲಾಯಿತು. 1920ರಲ್ಲಿ ಜರ್ಮನಿಯ ವಾಸರ್‌ಕುಪ್ಪೆ ಬೆಟ್ಟದಲ್ಲಿ ಸ್ಪರ್ಧೆ ಶುರುವಾಯಿತು. ಮೊದಲ ಅಂತರರಾಷ್ಟ್ರೀಯ ಸ್ಪರ್ಧೆಯೂ 1937ರಲ್ಲಿ ಅಲ್ಲೇ ನಡೆಯಿತು. 1940ರ ಒಲಿಂಪಿಕ್ಸಿಗೂ ಗ್ಲೈಡಿಂಗ್ ಸೇರಿಸುವ ತಯಾರಿ ಇತ್ತು, ಎಲ್ಲರೂ ಹಾರಲೆಂದು ಒಂದೇ ಮಾದರಿಯ ಗ್ಲೈಡರನ್ನೂ ಆರಿಸಿದ್ದರು. ಯುದ್ಧ ಬಂತು, ಎಲ್ಲ ನಿಂತಿತು.

ಈಗ ಅಮೆರಿಕ, ಯುರೋಪಿನ ಎಷ್ಟೋ ಕ್ಲಬ್ಬುಗಳಲ್ಲಿ ಒಂದೇ ಕೊರಗು. ಹಾರುವವರಿದ್ದಾರೆ, ರೇಸಿಗೆ ಬರುವವರು ಕಡಿಮೆ. ಬಂದವರಲ್ಲೂ ನರೆಗೂದಲೇ ಜಾಸ್ತಿ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಒಂದೋ ಎರಡೋ ವಾರ ರಜೆ ಬೇಕು. ಗ್ಲೈಡರ್ ಬೇಕು, ಟ್ರೇಲರ್ ಬೇಕು, ಎಲ್ಲೋ ಹೊಲದಲ್ಲಿ ಇಳಿದರೆ ಬಂದು ಕರೆದೊಯ್ಯಲು ಒಬ್ಬ ಪುಣ್ಯಾತ್ಮ ಬೇಕು. ಮನೆಯವರಿಗೆ ಭಯ ಬೇರೆ. ಆ ಭಯ ಸುಮ್ನೆ ಅಲ್ಲ. ಒಂದೇ ಬಿಸಿಗಾಳಿಯಲ್ಲಿ ಇಪ್ಪತ್ತು ಗ್ಲೈಡರ್ ಸುತ್ತುವಾಗ ಡಿಕ್ಕಿಯಾಗುವ ಅಪಾಯ ಇದ್ದೇ ಇದೆ. 2004ರಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ ಫ್ಲಾರ್ಮ್ ಎಂಬ ಸಾಧನ ಹತ್ತಿರದ ಗ್ಲೈಡರ್ ಬಗ್ಗೆ ಎಚ್ಚರಿಸುತ್ತದೆ. ಹಾಗಂತ ಕಣ್ಣು ಹೊರಗಿಡುವುದನ್ನು ಬಿಡುವ ಹಾಗಿಲ್ಲ.

ಅಗ್ಗದ ಗ್ಲೈಡರ್ ಕೊಟ್ಟರೆ ಜನ ಬರುತ್ತಾರೆ ಎಂದು 1990ರ ದಶಕದಲ್ಲಿ ಪ್ರಯತ್ನ ಪಟ್ಟರು. ಪೋಲೆಂಡಿನ ಪಿಡಬ್ಲ್ಯೂ-5, ಎಲ್ಲರಿಗೂ ಒಂದೇ ಮಾದರಿ, ಬೆಲೆ ಕಡಿಮೆ. ಅದರ ಹೆಸರಲ್ಲಿ ವಿಶ್ವ ಸ್ಪರ್ಧೆಗಳೂ ನಡೆದವು. ಆದರೆ ಅಷ್ಟೇ ದುಡ್ಡಿಗೆ ಇನ್ನೂ ದೂರ ಜಾರುವ ಹಳೆಯ ಗ್ಲೈಡರ್ ಸಿಗುತ್ತಿತ್ತು. ಜನ ಅದನ್ನೇ ಕೊಂಡರು, ಕೊನೆಗೆ ಆ ಸ್ಪರ್ಧಾ ವರ್ಗವೇ ನಿಂತುಹೋಯಿತು. ನನಗೆ ಇದರಿಂದ ಅನ್ನಿಸಿದ್ದು ಇಷ್ಟು: ಹೊಸದನ್ನು ಕಟ್ಟುವ ಬದಲು ಶೆಡ್ಡಿನಲ್ಲಿರುವ ಹಳೆಯದನ್ನೇ ರೇಸಿಗೆ ತರಬೇಕು. ಅದಕ್ಕೆ ದಾರಿ ಈಗಾಗಲೇ ಇದೆ. ಪ್ರತಿ ಮಾದರಿಗೂ ಅದರ ಸಾಮರ್ಥ್ಯ ನೋಡಿ ಒಂದು ಹ್ಯಾಂಡಿಕ್ಯಾಪ್ ಸಂಖ್ಯೆ ಕೊಟ್ಟು ಅಂಕ ಹೊಂದಿಸುತ್ತಾರೆ. ನಲವತ್ತು ವರ್ಷ ಹಳೆಯ ಗ್ಲೈಡರಿನಲ್ಲಿ ಚೆನ್ನಾಗಿ ಹಾರಿದವರು ಹೊಚ್ಚ ಹೊಸದರಲ್ಲಿ ಬಂದವರನ್ನೂ ಹಿಂದೆ ಹಾಕಬಹುದು.

ನೋಡುವವರ ಪಾಡೂ ಇದೆ. ಸಾಮಾನ್ಯ ಸ್ಪರ್ಧೆಯಲ್ಲಿ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಹೊರಡುತ್ತಾರೆ, ಗೆದ್ದವರು ಯಾರೆಂದು ಲೆಕ್ಕ ಮುಗಿದ ಮೇಲೇ ಗೊತ್ತಾಗುವುದು. 2005ರಲ್ಲಿ ಫ್ರಾನ್ಸಿನ ಸೇಂಟ್ ಒಬಾನ್‌ನಲ್ಲಿ ನಡೆದ ಗ್ರ್ಯಾಂಡ್ ಪ್ರಿ ಇದನ್ನು ಸರಳ ಮಾಡಿತು. ಎಲ್ಲರೂ ಒಟ್ಟಿಗೆ ಹೊರಡಬೇಕು, ಮೊದಲು ಗೆರೆ ದಾಟಿದವರು ಗೆದ್ದರು. ಕಂಬಳದ ಕರೆಯ ಪಕ್ಕ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ನಮ್ಮ ದೇಶಕ್ಕೂ ಈ ಆಟ ಹೊಸದಲ್ಲ. ಭಾರತದಲ್ಲೇ ವಿನ್ಯಾಸ ಮಾಡಿದ ಗ್ಲೈಡರುಗಳ ಹೆಸರು ಕೇಳಿ: ಅಶ್ವಿನಿ, ಭರಣಿ, ಕಾರ್ತಿಕ್, ರೋಹಿಣಿ, ಮೃಗಶಿರ, ಆರ್ದ್ರಾ. ನಮ್ಮ ರೈತರು ಮಳೆ ಲೆಕ್ಕ ಹಾಕುವ ನಕ್ಷತ್ರಗಳೇ! ಇದನ್ನು ಓದಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ಮನೆಯ ಕಂಪ್ಯೂಟರಿನಲ್ಲಿ ಕಾಂಡೋರ್ ಎಂಬ ಸಿಮ್ಯುಲೇಟರ್ ಹಾಕಿಕೊಂಡು ಎಳೆಯರು ರೇಸ್ ಕಲಿಯುತ್ತಿದ್ದಾರೆ. ಒಳ್ಳೆಯದೇ. ಆದರೆ ಅಲ್ಲಿಂದ ಮೈದಾನಕ್ಕೆ ಅವರನ್ನು ಕರೆತರಲು ಒಬ್ಬರು ಬೇಕು. ವಾರಾಂತ್ಯದ ಪುಟ್ಟ ರೇಸುಗಳು, ಎರಡು ಸೀಟಿನ ಗ್ಲೈಡರ್, ಹಿಂದೆ ಕೂರುವ ಅನುಭವಿ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆ ಉಪಾಯ ಇಲ್ಲ.

ಅವತ್ತು ನಮ್ಮ ರೇಸ್ ಪೂರ್ತಿಯಾಗಲಿಲ್ಲ. ಏರುತ್ತಿದ್ದೇವೋ ಇಳಿಯುತ್ತಿದ್ದೇವೋ ಅಂತ ಸದ್ದಿನಲ್ಲೇ ಹೇಳುವ ಯಂತ್ರದ ಟಿಣ್ ಟಿಣ್ ನಿಂತು, ಇಳಿಯುವ ಗೊರಗೊರ ಶುರುವಾಯಿತು. ಮೋಡ ಬಿಸಿಲನ್ನು ನುಂಗಿತ್ತು. ಕೊಯ್ಲಾದ ಹೊಲ ನೋಡಿ ಇಳಿಸಿದರು. ಕೂಳೆ ಚಕ್ರಕ್ಕೆ ತಾಗಿ ಚರಚರ ಅಂದಿತು, ನಿಂತೆವು. ಹೊಲದ ಯಜಮಾನರು ಬಂದು, ಪೆಟ್ಟಾಯಿತಾ ಅಂತ ಕೇಳಿ, ಗೇಟು ತೆಗೆದಿಟ್ಟು ಹೋದರು. ಟ್ರೇಲರ್ ಬರಲು ಎರಡು ಗಂಟೆ. ಅಷ್ಟೂ ಹೊತ್ತು ಆ ಹಿರಿಯ ಪೈಲಟ್ ಎಲ್ಲಿ ಎಡವಿದೆವು ಅಂತ ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ತೋರಿಸಿದರು. ರೆಕ್ಕೆ ಬಿಚ್ಚಿ ಟ್ರೇಲರಿಗೆ ತುಂಬುವಾಗ ಕತ್ತಲಾಗಿತ್ತು.

"ನಾಳೆಯೂ ರೇಸ್ ಇದೆ," ಅಂದರು. "ಮುಂದಿನ ಸೀಟು ಖಾಲಿ. ಬರ್ತೀರಾ?"

ನಮಸ್ಕಾರ.