ಗೇರುಹಣ್ಣಿನ ಕಲೆ, ಮಗ್ಗದ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

ಗೇರುಹಣ್ಣು ತಿಂದು ಅಂಗಿಗೆ ರಸ ಬೀಳಿಸಿಕೊಳ್ಳದೆ ಬೆಳೆದವರು ನಮ್ಮ ಕರಾವಳಿಯಲ್ಲಿ ಯಾರಾದರೂ ಇದ್ದಾರಾ? ಎಷ್ಟು ಸೋಪು ಹಾಕಿ ಉಜ್ಜಿದರೂ ಆ ಕಲೆ ಹೋಗುವುದಿಲ್ಲ. ಮೇಲಿಂದ ಅಮ್ಮನ ಬೈಗುಳ ಬೇರೆ. ನಾನು ಟೆಕ್ಸ್‌ಟೈಲ್ ಡಿಸೈನ್ ಓದಲು ಹೋದಾಗ, ಬಣ್ಣದ ಪಾಠದ ದಿನ ನೆನಪಾದದ್ದು ಅಂಥದ್ದೇ ಒಂದು ಅಂಗಿ. ಗೇರುಹಣ್ಣಿನಲ್ಲಿ, ಅಡಿಕೆ ಬೇಯಿಸಿದ ನೀರಾದ ಚೊಗರಿನಲ್ಲಿ ಒಗರು ಇದೆಯಲ್ಲ, ಅದು ಟ್ಯಾನಿನ್. ಹತ್ತಿಯನ್ನು ಕಚ್ಚಿ ಹಿಡಿಯುತ್ತದೆ. ಅದಕ್ಕೆ ತುಕ್ಕು ಹಿಡಿದ ಮೊಳೆ ನೆನೆಸಿದ ನೀರು ತಾಗಿದರೆ ಕಂದು ಹೋಗಿ ಬೂದುಗಪ್ಪು ಬರುತ್ತದೆ. ಪಟಿಕ ಹಾಕಿದರೆ ಬೇರೆಯೇ ಛಾಯೆ. ಬೇಡದ ಕಡೆ ಬಿದ್ದರೆ ಅದು ಕಲೆ, ಬೇಕಾದ ಕಡೆ ಹಾಕಿದರೂ ಕಲೆ. ಭಾಷೆಯ ಪಂಡಿತರು ಇದನ್ನು ಒಪ್ಪಲಿಕ್ಕಿಲ್ಲ, ಇರಲಿ.

ಮಂಗಳೂರಿಗೆ ಬಣ್ಣದ ಕೆಲಸ ಹೊಸದೇನಲ್ಲ. ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಇಲ್ಲಿ ನಡೆಸುತ್ತಿದ್ದ ನೇಯ್ಗೆ ಕಾರ್ಖಾನೆಯಲ್ಲಿ 1850ರ ದಶಕದಲ್ಲಿ ಹಾಲರ್ ಎಂಬವರು ಖಾಕಿ ಬಣ್ಣ ತಯಾರಿಸಿದರು ಎಂದು ಹೇಳುತ್ತಾರೆ. ಖಾಕ್ ಅಂದರೆ ಪಾರ್ಸಿಯಲ್ಲಿ ಮಣ್ಣು, ಧೂಳು.

ನನ್ನ ಓದಿನ ಬಗ್ಗೆ ಜನ ಕೇಳುವುದು ಎರಡೇ. "ಟೈಲರಿಂಗಾ?" "ಚಿತ್ರ ಚೆನ್ನಾಗಿ ಬರಬೇಕು ಅಲ್ವಾ?" ಟೈಲರಿಂಗ್ ಅಲ್ಲ. ಹೊಲಿಯುವ ಮೊದಲು ಬಟ್ಟೆ ಅಂತ ಒಂದು ಆಗಬೇಕಲ್ಲ, ಇದು ಅದರ ಓದು. ಚಿತ್ರ ಸ್ವಲ್ಪ ಬಂದರೆ ಸಾಕು, ಲೆಕ್ಕ ಜಾಸ್ತಿ ಬೇಕು. ಇದು ಯಾರೋ ಹೇಳಿದ್ದಲ್ಲ, ನಾನೇ ಪೆಟ್ಟು ತಿಂದು ಕಲಿತದ್ದು.

ಉಡುಪಿ ಸೀರೆ ನೀವು ನೋಡಿರುತ್ತೀರಿ. ಹತ್ತಿಯದು, ಹಗುರ, ಚೌಕಳಿ. 2016ರಲ್ಲಿ ಅದಕ್ಕೆ ಜಿಐ, ಅಂದರೆ ಈ ಊರಿನದೇ ವಿಶೇಷ ವಸ್ತು ಎಂಬ ಮಾನ್ಯತೆ ಸಿಕ್ಕಿತು. ಆ ಚೌಕಳಿಯನ್ನೇ ನಾನು ಮೊದಲ ಪ್ರಾಜೆಕ್ಟಿಗೆ ಆರಿಸಿಕೊಂಡೆ. ಮಗ್ಗದಲ್ಲಿ ಉದ್ದಕ್ಕೆ ಕಟ್ಟಿದ ನೂಲು ಹಾಸು, ಅಡ್ಡಕ್ಕೆ ಹೋಗುವುದು ಹೊಕ್ಕು. ಗ್ರಾಫ್ ಹಾಳೆಯಲ್ಲಿ ಒಂದು ಮನೆ ಅಂದರೆ ಹಾಸಿನ ಒಂದು ಎಳೆಯನ್ನು ಹೊಕ್ಕಿನ ಒಂದು ಎಳೆ ದಾಟುವ ಜಾಗ. ಅಡ್ಡಕ್ಕೆ 30 ಮನೆ, ಉದ್ದಕ್ಕೆ 30 ಮನೆ ಬಣ್ಣ ತುಂಬಿದೆ. ಕಾಗದದ ಮೇಲೆ ಅಚ್ಚುಕಟ್ಟಾದ ಚೌಕ. ಮಗ್ಗದಿಂದ ಇಳಿದದ್ದು ಮಾತ್ರ ಉದ್ದುದ್ದ ಇಟ್ಟಿಗೆ!

ಆ ತುಂಡನ್ನು ಹಿಡಿದುಕೊಂಡು ಮಂಗಳೂರು ಕಡೆಯ ಕಿನ್ನಿಗೋಳಿಗೆ ಹೋದೆ. ಅಲ್ಲಿನ ತಾಳಿಪಾಡಿ ನೇಕಾರರ ಸಂಘ ಉಡುಪಿ ಸೀರೆಗೆ ಹೆಸರಾದದ್ದು. ಹಿರಿಯ ನೇಕಾರರೊಬ್ಬರು ಬಟ್ಟೆಯನ್ನು ಮೊಣಕಾಲ ಮೇಲೆ ಹರಡಿದರು. ಕನ್ನಡಕ ಮೇಲೆ ಸರಿಸಿ, ಹೆಬ್ಬೆರಳಿನ ಉಗುರಿನಿಂದ ಎಳೆ ಎಣಿಸಿದರು. ಹಾಸಿನಲ್ಲಿ ಇಂಚಿಗೆ 60, ಹೊಕ್ಕಿನಲ್ಲಿ 40. ಹಾಗಾಗಿ 30 ಎಳೆ ಅಡ್ಡಕ್ಕೆ ಅರ್ಧ ಇಂಚು, ಉದ್ದಕ್ಕೆ ಮುಕ್ಕಾಲು ಇಂಚು. ಹೊಕ್ಕು 20 ಸಾಕಿತ್ತು. "ಎಣಿಸದೆ ಗೀಟು ಎಳೆದದ್ದಾ?" ಎಂದು ತುಳುವಿನಲ್ಲಿ ಕೇಳಿದರು. ನಗಲಿಲ್ಲ, ಅದೇ ಪುಣ್ಯ.

ನೂಲಿನ ನಂಬರಿನ ಲೆಕ್ಕವೂ ನನಗೆ ಅವತ್ತೇ ತಲೆಗೆ ಹೋದದ್ದು. 840 ಗಜಕ್ಕೆ ಒಂದು ಲಡಿ. ಒಂದು ಪೌಂಡಿಗೆ ಅಂಥ 80 ಲಡಿ ಬಂದರೆ ಅದು 80 ನಂಬರು. ನಂಬರು ಏರಿದಂತೆ ನೂಲು ಸಣ್ಣ. ಬಸ್ಸಿನಲ್ಲಿ ವಾಪಸ್ ಬರುವಾಗ ಗುಣಿಸಿ ನೋಡಿದೆ. ಅರ್ಧ ಕೆಜಿಯೂ ಇಲ್ಲದ ಹತ್ತಿ, ಸುಮಾರು 61 ಕಿಲೋಮೀಟರ್ ಉದ್ದ! ಮಂಗಳೂರಿನಲ್ಲಿ ತುದಿ ಕಟ್ಟಿ ಹೊರಟರೆ ಉಡುಪಿ ಮುಟ್ಟಬಹುದು.

ಎಲ್ಲಿ ಓದುವುದು ಅಂತ ಕೇಳುವವರಿಗೆ ಚಿಕ್ಕದಾಗಿ ಹೇಳುತ್ತೇನೆ. ಬೆಂಗಳೂರಿನ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ನಿಫ್ಟ್, ಅಹಮದಾಬಾದಿನ ಡಿಸೈನ್ ಸಂಸ್ಥೆ ಎನ್‌ಐಡಿ ಎರಡರಲ್ಲೂ ಟೆಕ್ಸ್‌ಟೈಲ್ ಡಿಸೈನ್ ಇದೆ. ನಾಲ್ಕು ವರ್ಷದ ಪದವಿ. ಪಿಯುಸಿಯಲ್ಲಿ ಸೈನ್ಸೇ ಆಗಬೇಕೆಂದಿಲ್ಲ, ಆದರೆ ಪ್ರವೇಶ ಪರೀಕ್ಷೆ ಬರೆಯಬೇಕು. ಪರೀಕ್ಷೆಗೆ ಕೋಚಿಂಗ್ ಹುಡುಕುವ ಮೊದಲು ಒಂದು ಮಧ್ಯಾಹ್ನ ಮಗ್ಗದ ಹತ್ತಿರ ಸುಮ್ನೆ ಕೂತು ಬನ್ನಿ. ಮಳೆಗಾಲ ಬಿಟ್ಟು ಹೋದರೆ ಒಳ್ಳೆಯದು. ಹಾಸಿನ ಎಳೆಗಳಿಗೆ ಹಾಕಿದ ಗಂಜಿ ಮಳೆಯಲ್ಲಿ ಬೇಗ ಒಣಗುವುದಿಲ್ಲ.

ನನ್ನ ಇಟ್ಟಿಗೆ ಚೌಕಳಿ ಈಗ ಅಮ್ಮನ ಅಡಿಗೆಮನೆಯಲ್ಲಿದೆ. ಅಕ್ಕಿಯ ಪುಂಡಿ ಬೇಯಿಸುವಾಗ ಮುಚ್ಚಳಕ್ಕೆ ಸುತ್ತುತ್ತಾರೆ. ಒಂದು ಮೂಲೆಯಲ್ಲಿ ಗೇರುಹಣ್ಣಿನ ಕಲೆಯೂ ಆಗಿದೆ. ಅದು ನನ್ನದಲ್ಲ, ತಮ್ಮನದು.

ನಮಸ್ಕಾರ.