ಹೇಳಿದವರು ಹಗುರಾದರು, ಕೇಳಿದವಳು?

ಎಲ್ಲರಿಗೂ ನಮಸ್ಕಾರ. ಕರೆದಿದ್ದಕ್ಕೆ, ಅದರಲ್ಲೂ ಈ ವಿಷಯಕ್ಕೆ ಅಂತಲೇ ಕರೆದಿದ್ದಕ್ಕೆ ಥ್ಯಾಂಕ್ಸ್. ಲಿಂಗ ಪರಿವರ್ತನೆಯ ಬಗ್ಗೆ ಈಗ ಮಾತು ನಡೆಯುತ್ತದೆ, ನಡೆಯಬೇಕು. ಆದರೆ ಹಾಗೆ ಬದಲಾಗುವವರ ಪಕ್ಕದಲ್ಲಿ ಎಷ್ಟೋ ಸಲ ಒಬ್ಬಳು ಹೆಂಗಸು ಇರುತ್ತಾಳಲ್ಲ, ಹೆಂಡತಿಯೋ ಗೆಳತಿಯೋ, ಅವಳನ್ನು ಕೇಳುವವರು ಕಡಿಮೆ. ಕೇಳಿದರೂ ಒಂದೇ ಪ್ರಶ್ನೆ. "ಜೊತೆಗೇ ಇರ್ತೀಯಾ, ಬಿಟ್ಟು ಹೋಗ್ತೀಯಾ?" ನಾನು ಇವತ್ತು ಅದಕ್ಕೆ ಉತ್ತರ ಕೊಡೋಕೆ ಬಂದಿಲ್ಲ. ಆ ಪ್ರಶ್ನೆ ಬರುವ ಮೊದಲೇ ಅವಳ ತಲೆ ಮೇಲೆ ಏನೇನು ಬಂದು ಬೀಳುತ್ತದೆ, ಅದನ್ನು ಹೇಳೋಕೆ ಬಂದಿದ್ದೇನೆ.

ನಾನೂ ಅಂಥ ಒಬ್ಬಳು. ಮದುವೆಯಾಗಿ 11 ವರ್ಷ ಆದ ಮೇಲೆ ನನ್ನ ಸಂಗಾತಿ ನನಗೆ ವಿಷಯ ಹೇಳಿದಳು. 'ಹೇಳಿದಳು' ಅಂದೆ, ಗಮನಿಸಿದಿರಲ್ವಾ? ಆಗ ಲೋಕದ ಕಣ್ಣಿಗೆ ಅವಳು ನನ್ನ ಗಂಡ. ಆದರೂ ಹಳೇ ದಿನಗಳ ಮಾತು ಬಂದಾಗಲೂ ನಾನು ಅವಳು ಅಂತಲೇ ಹೇಳುತ್ತೇನೆ, ಅವಳಿಗೆ ಬೇಕಾದದ್ದು ಅದು. ಇಲ್ಲಿ ಏನು ಹೇಳಬಹುದು, ಏನು ಹೇಳಬಾರದು ಅಂತ ಅವಳ ಜೊತೆ ಕೂತು ಮಾತಾಡಿಕೊಂಡೇ ಬಂದಿದ್ದೇನೆ. ಕಥೆ ನನ್ನದು ಹೌದು, ಆದರೆ ಅರ್ಧ ಅವಳದು.

ಅವತ್ತು ರಾತ್ರಿ ನಾನು ಬಟ್ಟೆ ಮಡಚುತ್ತಿದ್ದೆ. ಮಂಚದ ಮೇಲೆ ಅವಳ ಅಂಗಿಗಳು ಒಂದು ಕಡೆ, ನನ್ನ ಬಟ್ಟೆ ಒಂದು ಕಡೆ. ಅವಳು ಬಾಗಿಲ ಹತ್ತಿರ ತುಂಬಾ ಹೊತ್ತು ಸುಮ್ನೆ ನಿಂತಿದ್ದಳು, ಆಮೇಲೆ ಒಂದೇ ಉಸಿರಿಗೆ ಹೇಳಿಬಿಟ್ಟಳು. ಚಿಕ್ಕಂದಿನಿಂದ ತಾನು ಹೆಣ್ಣು ಅಂತಲೇ ಅನ್ನಿಸುತ್ತಿತ್ತು ಅಂತ, ಮದುವೆಯಾದರೆ ಸರಿಹೋಗುತ್ತದೆ ಅಂದುಕೊಂಡಿದ್ದೆ ಅಂತ, ಹೋಗಲಿಲ್ಲ ಅಂತ. ನಾನು ಕೈಯಲ್ಲಿದ್ದ ಅಂಗಿಗೆ ಗುಂಡಿ ಹಾಕುತ್ತಾ ಕೂತೆ. ಮೇಲಿಂದ ಕೆಳಗಿನ ತನಕ ಹಾಕಿದೆ, ಎಲ್ಲ ಬಿಚ್ಚಿದೆ, ಮತ್ತೆ ಹಾಕಿದೆ. ಅವಳು ಅತ್ತಳು, ಅತ್ತು ಮಲಗಿದಳು. ಎಷ್ಟೋ ವರ್ಷದಿಂದ ನೆಟ್ಟಗೆ ನಿದ್ದೆ ಮಾಡದವಳು ಅವತ್ತು ಬೆಳಗಾಗುವ ತನಕ ಮಗ್ಗುಲು ಕೂಡ ಬದಲಾಯಿಸಲಿಲ್ಲ. ನಾನು ಎದ್ದೇ ಇದ್ದೆ.

ಆಮೇಲೆ ಯೋಚಿಸಿದಾಗ ನನಗೆ ಅರ್ಥವಾದದ್ದು ಇಷ್ಟು. ಅವತ್ತು ಗುಟ್ಟು ಬಯಲಾಗಲಿಲ್ಲ, ಅವಳ ಹೆಗಲಿಂದ ನನ್ನ ಹೆಗಲಿಗೆ ಬಂತು. "ಸದ್ಯಕ್ಕೆ ಯಾರಿಗೂ ಹೇಳಬೇಡ" ಅಂದಿದ್ದಳು. ಅದು ತಪ್ಪಲ್ಲ. ಇಂಥ ವಿಷಯ ಹೊರಗೆ ಬಿದ್ದರೆ ಕೆಲಸ ಹೋಗಬಹುದು, ಮನೆಯವರು ದೂರ ಮಾಡಬಹುದು, ಏಟು ಬೀಳಬಹುದು. ಯಾರಿಗೆ ಯಾವಾಗ ಹೇಳಬೇಕು ಅನ್ನೋದು ಅವಳಿಗೆ ಬಿಟ್ಟದ್ದು. ಒಪ್ಪಿದೆ. ಆದರೆ ಅವಳಿಗೆ ಅಷ್ಟರಲ್ಲಾಗಲೇ ಒಬ್ಬ ಕೌನ್ಸೆಲರ್ ಇದ್ದರು, ಇದೇ ದಾರಿಯಲ್ಲಿ ನಡೆದಿದ್ದ ನಾಲ್ಕೈದು ಗೆಳತಿಯರಿದ್ದರು. ನನಗೆ ಯಾರಿದ್ದರು? ಎಂಟು ತಿಂಗಳು ಅಮ್ಮನ ಫೋನ್ ಬಂದಾಗಲೆಲ್ಲ "ಹೂಂ ಅಮ್ಮಾ, ಎಲ್ಲ ಚೆನ್ನಾಗಿದ್ದೀವಿ" ಅಂದೆ. ಆಫೀಸಿನಲ್ಲಿ ಯಾರೋ ತಮ್ಮ ಗಂಡಂದಿರ ಬಗ್ಗೆ ಮಾತಾಡುತ್ತಿದ್ದರೆ ನಾನೂ ಒಂದು ಹಳೇ ಮಾತು ಸೇರಿಸಿ ನಗುತ್ತಿದ್ದೆ. ಮುಂದೆ ನನಗೆ ಸಿಕ್ಕ ಇಂಥ ಹೆಂಗಸರಲ್ಲಿ ಜಾಸ್ತಿ ಜನ ಹೇಳಿದ್ದೂ ಇದನ್ನೇ. ವಿಷಯ ಕೇಳಿ ಅಷ್ಟು ಸುಸ್ತಾಗಲಿಲ್ಲ, ಬಾಯಿ ಮುಚ್ಚಿಕೊಂಡು ಇದ್ದು ಇದ್ದು ಸುಸ್ತಾಯಿತು ಅಂತ. ಅದಕ್ಕೇ ಇಲ್ಲಿ ಯಾರಾದರೂ ತಮ್ಮ ಸಂಗಾತಿಗೆ ಹೇಳಬೇಕು ಅಂತ ಯೋಚಿಸುತ್ತಿದ್ದರೆ ನನ್ನದು ಒಂದು ಕೋರಿಕೆ. ಹೇಳಿ, ದಯವಿಟ್ಟು ಹೇಳಿ. ಆದರೆ ಅವಳು ಯಾರ ಹತ್ತಿರ ಬಾಯಿಬಿಡಬಹುದು ಅನ್ನೋದನ್ನೂ ಅವತ್ತೇ ಇಬ್ಬರೂ ಸೇರಿ ಗೊತ್ತು ಮಾಡಿಕೊಳ್ಳಿ. ಒಬ್ಬರಾದರೂ ಸಾಕು.

ವಿಷಯ ಗೊತ್ತಾದ ಮೇಲೆ ಜನ ಕೇಳುವ ಇನ್ನೊಂದು ಮಾತಿದೆ. "ಇಷ್ಟು ವರ್ಷ ಜೊತೆಗಿದ್ದು ನಿನಗೆ ಗೊತ್ತಾಗಲೇ ಇಲ್ವಾ?" ಅಂತ. ಅದನ್ನು ಬೇರೆಯವರು ಕೇಳೋದಕ್ಕಿಂತ ಮೊದಲು ನೂರು ಸಲ ನಾನೇ ಕೇಳಿಕೊಂಡಿದ್ದೆ. ಹಳೇ ಫೋಟೋಗಳನ್ನೆಲ್ಲ ತೆಗೆದು ಹರಡಿಕೊಂಡು, ಈ ನಗು ನಿಜವಾ, ಇಲ್ಲಿ ನನ್ನ ಕೈ ಹಿಡಿದುಕೊಂಡಿದ್ದಾಗ ಮನಸ್ಸು ಎಲ್ಲಿತ್ತು ಅಂತ ಒಂದೊಂದನ್ನೇ ನೋಡುತ್ತಿದ್ದೆ. ಮುಂದೇನು ಅನ್ನೋ ಭಯ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಆಗಿಹೋದ ದಿನಗಳೂ ಅಲುಗಾಡುತ್ತವೆ ಅನ್ನೋದು ಯಾರಿಗೂ ಹೊಳೆಯುವುದಿಲ್ಲ. ಒಂದು ದಿನ ತಡೆಯಲಾಗದೆ ಅವಳನ್ನೇ ಕೇಳಿದೆ. "ಪ್ರೀತಿ ಸುಳ್ಳಲ್ಲ ಕಣೇ, ಕನ್ನಡಿ ನೋಡಿದಾಗ ಕಾಣುತ್ತಿದ್ದವನು ಸುಳ್ಳು" ಅಂದಳು. ನಂಬೋಕೆ ನನಗೆ ಟೈಮ್ ಹಿಡಿಯಿತು, ಈಗ ನಂಬುತ್ತೇನೆ.

ಇನ್ನು ದುಃಖ. ಯಾರೂ ಸತ್ತಿಲ್ಲ, ಆದರೂ ಸಾವಿನ ಮನೆಯಲ್ಲಿ ಇದ್ದ ಹಾಗಿರುತ್ತದೆ. ಪಾಲಿನ್ ಬಾಸ್ ಅಂತ ಅಮೆರಿಕದ ಸಂಶೋಧಕಿಯೊಬ್ಬರು 1970ರ ದಶಕದಲ್ಲಿ, ಯುದ್ಧದಲ್ಲಿ ಕಾಣೆಯಾದ ವಿಮಾನ ಚಾಲಕರ ಮನೆಯವರನ್ನು ಮಾತಾಡಿಸಿ ನೋಡಿದರು. ಹೋದರೋ ಇದ್ದಾರೋ ಗೊತ್ತಿಲ್ಲದ, ಅಳೋಕೂ ಆಗದ, ಕಾಯೋಕೂ ಆಗದ ಆ ಸ್ಥಿತಿಗೆ ಅವರು ಅಸ್ಪಷ್ಟ ನಷ್ಟ ಅನ್ನುವ ಅರ್ಥದ ಹೆಸರಿಟ್ಟರು. ಅದರಲ್ಲಿ ಎರಡನೇ ಬಗೆಯೂ ಇದೆ ಅಂದರು. ಮನುಷ್ಯರು ಕಣ್ಣೆದುರೇ ಇರುತ್ತಾರೆ, ಆದರೆ ನಮಗೆ ಗೊತ್ತಿದ್ದ ಹಾಗೆ ಇರುವುದಿಲ್ಲ. ನೆನಪಿನ ಶಕ್ತಿ ಹೋದ ವಯಸ್ಸಾದವರ ಮನೆಗಳನ್ನು ಅವರು ಇದಕ್ಕೆ ಸೇರಿಸಿದರು. ನಮ್ಮದು ಅದೇ ಅಂತ ನಾನು ಹೇಳಲ್ಲ. ನನ್ನ ಸಂಗಾತಿಗೆ ಕಾಯಿಲೆ ಏನೂ ಇಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಹೊಸ ಪಟ್ಟಿ 2022ರಲ್ಲಿ ಜಾರಿಗೆ ಬಂದಾಗ ಇದನ್ನು ಮಾನಸಿಕ ಕಾಯಿಲೆಗಳ ಸಾಲಿನಿಂದ ತೆಗೆದೇ ಹಾಕಿದೆ. ಆದರೆ ಕಾರ್ಯ ಮಾಡಿ ಮುಗಿಸಲಾಗದ ದುಃಖಕ್ಕೂ ಒಂದು ಹೆಸರಿದೆ ಅಂತ ಗೊತ್ತಾದಾಗ ನನಗೆ ಎಷ್ಟೋ ಸಮಾಧಾನವಾಯಿತು.

ಒಂದು ಸಲ ಜಗಳದಲ್ಲಿ "ನನ್ನ ಗಂಡ ಸತ್ತುಹೋದ" ಅಂದುಬಿಟ್ಟೆ. ಎದುರಿಗೆ ನಿಂತಿದ್ದ ಅವಳ ಮುಖ ನೋಡಿದೆ. ಬದುಕೋಕೆ ಅಂತಲೇ ಇಷ್ಟೆಲ್ಲ ಮಾಡುತ್ತಿರುವವಳಿಗೆ ನೀನು ಸತ್ತೆ ಅಂದ ಹಾಗಾಯಿತು. ಆ ದುಃಖ ನನಗೆ ಇತ್ತು, ಅದನ್ನು ಹೇಳಿಕೊಳ್ಳಲೇಬೇಕಿತ್ತು. ಆದರೆ ಅದನ್ನು ಕೇಳಿಸಿಕೊಳ್ಳಬೇಕಾದವಳು ಅವಳಲ್ಲ. ಅದಕ್ಕೇ ಹೇಳಿದ್ದು, ಅವಳಲ್ಲದೆ ಇನ್ನೊಬ್ಬರು ಬೇಕೇ ಬೇಕು ಅಂತ.

ಈಗ ಮೈಯ ವಿಷಯ. ನಾಚಿಕೆ ಬೇಡ, ಗೊತ್ತಿದ್ದರೆ ಒಳ್ಳೆಯದು. ಹೆಣ್ಣಾಗಿ ಬದುಕಲು ಹೊರಟವರಿಗೆ ಸಾಮಾನ್ಯವಾಗಿ ಈಸ್ಟ್ರೊಜೆನ್ ಅನ್ನುವ ಹೆಣ್ಣಿನ ಹಾರ್ಮೋನು ಕೊಡುತ್ತಾರೆ, ಜೊತೆಗೆ ಎಷ್ಟೋ ಸಲ ಗಂಡಿನ ಹಾರ್ಮೋನಾದ ಟೆಸ್ಟೋಸ್ಟಿರಾನ್ ತಗ್ಗಿಸುವ ಔಷಧಿ. ಮೊದಲ ತಿಂಗಳುಗಳಲ್ಲೇ ಕಾಮದ ಆಸೆ ಕಡಿಮೆಯಾಗುತ್ತದೆ. ಹೆಂಡತಿಗೆ ಅದು ಮಾತ್ರೆಯ ಪರಿಣಾಮ ಅಂತ ಯಾರೂ ಹೇಳಿರುವುದಿಲ್ಲ, ನಾನೇ ಬೇಡವಾದೆ ಅಂದುಕೊಳ್ಳುತ್ತಾಳೆ. 3ರಿಂದ 6 ತಿಂಗಳಲ್ಲಿ ಎದೆ ಬೆಳೆಯೋಕೆ ಶುರುವಾಗುತ್ತದೆ, ಪೂರ್ತಿಯಾಗೋಕೆ 2-3 ವರ್ಷವೇ ಬೇಕು. ಚರ್ಮ ಮೆತ್ತಗಾಗುತ್ತದೆ, ತೋಳಿನ ಬಲ ಇಳಿಯುತ್ತದೆ. ಮೈಯ ವಾಸನೆ ಬದಲಾಯಿತು ಅಂತ ತುಂಬಾ ಜನ ಹೇಳುತ್ತಾರೆ, ನನಗೂ ಹಾಗೇ ಆಯಿತು. ದಿಂಬು ಅದೇ, ಪಕ್ಕದಲ್ಲಿ ಮಲಗಿದವಳು ಅವಳೇ, ಆದರೆ ಕಣ್ಣು ಮುಚ್ಚಿದರೆ ಪರಿಚಯದ ವಾಸನೆ ಇಲ್ಲ. ಗಡ್ಡ ಮಾತ್ರ ಮಾತ್ರೆಯಿಂದ ಹೋಗುವುದಿಲ್ಲ, ಅದಕ್ಕೆ ಲೇಸರ್ ಇತ್ಯಾದಿ ಬೇಕು. ದನಿಯೂ ಹಾಗೆಯೇ, ಒಮ್ಮೆ ಒಡೆದ ದನಿಯನ್ನು ಈಸ್ಟ್ರೊಜೆನ್ ಬದಲಾಯಿಸುವುದಿಲ್ಲ.

ಇನ್ನೊಂದು ಮಾತು ಒತ್ತಿ ಹೇಳಬೇಕು. ಹಾರ್ಮೋನು ಶುರು ಮಾಡಿದ ಮೇಲೆ ವೀರ್ಯಾಣು ಕಡಿಮೆಯಾಗುತ್ತಾ ಬರುತ್ತದೆ, ಔಷಧಿ ನಿಲ್ಲಿಸಿದರೂ ಮೊದಲಿನಂತೆ ಆಗುತ್ತದೆ ಅಂತ ಯಾರೂ ಖಾತ್ರಿ ಕೊಡೋಕಾಗುವುದಿಲ್ಲ. ಮುಂದೆ ಮಕ್ಕಳು ಬೇಕು ಅನ್ನಿಸಬಹುದು ಅಂತಿದ್ದರೆ ಮೊದಲೇ ವೀರ್ಯವನ್ನು ಶೈತ್ಯದಲ್ಲಿ ಇಡಿಸಬೇಕು. ಇದನ್ನು ಡಾಕ್ಟರು ಔಷಧಿ ತೆಗೆದುಕೊಳ್ಳುವವರಿಗೆ ಹೇಳುತ್ತಾರೆ, ಪಕ್ಕದಲ್ಲಿ ಹೆಂಡತಿ ಕೂತಿರುವುದೇ ಇಲ್ಲ. ಒಬ್ಬ ಹೆಂಗಸು ನನ್ನ ಹತ್ತಿರ ಅತ್ತಿದ್ದು ಗಂಡ ಹೆಣ್ಣಾದ ಅಂತಲ್ಲ, ಎರಡನೇ ಮಗುವಿನ ಮಾತು ತನ್ನನ್ನು ಕೇಳದೆಯೇ ಮುಗಿದುಹೋಗಿತ್ತು ಅಂತ. ಮೈ ಅವರದು, ತೀರ್ಮಾನ ಅವರದು, ಸರಿ. ಆದರೆ ಇಬ್ಬರೂ ಸೇರಿ ಕಂಡ ಕನಸನ್ನು ಒಬ್ಬರೇ ಮುಗಿಸಬಾರದು ಅಂತ ನನಗನ್ನಿಸುತ್ತದೆ.

ಆಮೇಲೆ, ನಾನು ಯಾರು ಅನ್ನೋ ಪ್ರಶ್ನೆ. ನಾನು ಗಂಡಸರನ್ನು ಇಷ್ಟಪಡುವವಳು, ಈಗ ಹೆಂಗಸಿನ ಜೊತೆ ಇದ್ದೇನೆ, ಹಾಗಾದರೆ ನಾನೂ ಬದಲಾದೆನಾ? ಇಲ್ಲ. ಅವಳು ಯಾರು ಅನ್ನೋದು ಬೇರೆ, ನನಗೆ ಯಾರ ಮೇಲೆ ಆಸೆ ಹುಟ್ಟುತ್ತದೆ ಅನ್ನೋದು ಬೇರೆ. ಅವಳನ್ನು ಪೂರ್ತಿ ಒಪ್ಪಿಕೊಂಡೂ ಆ ಆಸೆ ಹುಟ್ಟದೇ ಇರಬಹುದು, ಅದು ಯಾರ ತಪ್ಪೂ ಅಲ್ಲ. ಇದೇ ಕಷ್ಟದ ಇನ್ನೊಂದು ಮಗ್ಗುಲೂ ಇದೆ. ಹೆಣ್ಣನ್ನೇ ಪ್ರೀತಿಸಿ, ಅದಕ್ಕಾಗಿ ಮನೆಯವರ ಜೊತೆ ಹೋರಾಡಿ ಒಟ್ಟಿಗೆ ಬಾಳುತ್ತಿದ್ದ ಹೆಂಗಸಿನ ಸಂಗಾತಿ ಈಗ ಗಂಡಾಗಿ ಬದುಕಲು ಹೊರಡುತ್ತಾರೆ. ಟೆಸ್ಟೋಸ್ಟಿರಾನಿನಿಂದ ಕೆಲವೇ ತಿಂಗಳಲ್ಲಿ ದನಿ ಗಟ್ಟಿಯಾಗುತ್ತದೆ, ಅದು ಮತ್ತೆ ಹಿಂದಕ್ಕೆ ಹೋಗುವುದಿಲ್ಲ. ಗಡ್ಡ ಬರುತ್ತದೆ. ಆಮೇಲೆ ಇಬ್ಬರೂ ರಸ್ತೆಯಲ್ಲಿ ನಡೆದರೆ ನೋಡುವವರಿಗೆ ಗಂಡ ಹೆಂಡತಿ. ಜನ ಈಗ ಕೆಟ್ಟದಾಗಿ ನೋಡುವುದಿಲ್ಲ, ನಿಜ, ಆದರೆ ಅವಳು ಅಷ್ಟು ಕಷ್ಟಪಟ್ಟು ಪಡೆದ ಗುರುತು ಯಾರಿಗೂ ಕಾಣುವುದೇ ಇಲ್ಲ. ಹಳೇ ಗೆಳತಿಯರೂ ನೀನೀಗ ನಮ್ಮವಳಲ್ಲ ಅನ್ನುವ ಹಾಗೆ ನಡೆದುಕೊಳ್ಳುತ್ತಾರೆ. ನಮ್ಮಂಥವರ ಕಷ್ಟಕ್ಕಾದರೂ ಅಯ್ಯೋ ಅನ್ನುವವರು ಸಿಗುತ್ತಾರೆ. ಅವಳಿಗೆ ಈಗ ಎಲ್ಲ ಸರಿಹೋಯಿತಲ್ಲ ಅಂತ ಅಭಿನಂದನೆ ಹೇಳುತ್ತಾರೆ.

ಕಾನೂನು ಕೂಡ ಈ ಹೆಂಗಸರನ್ನು ಎಷ್ಟೋ ಕಾಲ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಡೆನ್ಮಾರ್ಕಿನ ಕಲಾವಿದೆ ಗೆರ್ಡಾ ವೆಗೆನರ್ ತನ್ನ ಸಂಗಾತಿ ಲಿಲಿ ಎಲ್ಬೆಯನ್ನು ಹೆಣ್ಣಾಗಿಯೇ ಎಷ್ಟೋ ಚಿತ್ರಗಳಲ್ಲಿ ಬರೆದವಳು. 1930ರಲ್ಲಿ ಅವರ ಮದುವೆಯನ್ನು ರದ್ದು ಮಾಡಲಾಯಿತು, ಮರುವರ್ಷ ಲಿಲಿ ಆಪರೇಷನ್ ನಂತರದ ತೊಂದರೆಯಿಂದ ತೀರಿಹೋದಳು. ಬ್ರಿಟನ್ನಿನ ಲೇಖಕಿ ಜಾನ್ ಮಾರಿಸ್ ಅವರದು ಇನ್ನೊಂದು ಕಥೆ. ಎಲಿಜಬೆತ್ ಜೊತೆ 1949ರಲ್ಲಿ ಮದುವೆ, ಮಕ್ಕಳೂ ಆದರು. ಮೊದಲು ಡೈವೋರ್ಸ್ ಮಾಡಿಕೊಂಡು ಬಂದರೆ ಆಪರೇಷನ್ ಅಂತ ಅಲ್ಲಿನ ಡಾಕ್ಟರುಗಳು ಅಂದಾಗ, ಜಾನ್ 1972ರಲ್ಲಿ ಮೊರಾಕ್ಕೋದ ಕಾಸಾಬ್ಲಾಂಕಾಕ್ಕೆ ಹೋಗಿ ಮಾಡಿಸಿಕೊಂಡರು. ಆಮೇಲೆ ಕಾನೂನಿಗಾಗಿ ಡೈವೋರ್ಸ್ ಆಗಲೇಬೇಕಾಯಿತು. ಮನೆ ಮಾತ್ರ ಬೇರೆಯಾಗಲಿಲ್ಲ. 2008ರಲ್ಲಿ ಅದೇ ಇಬ್ಬರೂ ಸಿವಿಲ್ ಪಾರ್ಟ್‌ನರ್‌ಶಿಪ್, ಅಂದರೆ ಮದುವೆಯಂಥದೇ ಕಾನೂನಿನ ಒಪ್ಪಂದ, ಮಾಡಿಕೊಂಡರು, 2020ರಲ್ಲಿ ಜಾನ್ ತೀರಿಹೋಗುವ ತನಕ ಜೊತೆಗಿದ್ದರು. ಅದೇ 2008ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ, ಲಿಂಗ ಬದಲಾವಣೆಯನ್ನು ಕಾನೂನು ಒಪ್ಪಬೇಕಾದರೆ ಮೊದಲು ಡೈವೋರ್ಸ್ ಆಗಬೇಕು ಅನ್ನುವ ನಿಯಮ ಸರಿಯಲ್ಲ ಅಂದಿತು. ಆ ಕೇಸಿನಲ್ಲಿದ್ದವರು 50 ವರ್ಷಕ್ಕಿಂತ ಜಾಸ್ತಿ ಸಂಸಾರ ಮಾಡಿದ ಜೋಡಿ. ಅಷ್ಟು ವಯಸ್ಸಾದ ಹೆಂಡತಿಯನ್ನು ಕೂರಿಸಿಕೊಂಡು, ಇವರ ಸರ್ಟಿಫಿಕೇಟಿಗಾಗಿ ನೀನು ಡೈವೋರ್ಸ್ ಕೊಡಮ್ಮ ಅಂತ ಸರ್ಕಾರ ಹೇಳುತ್ತಿತ್ತು ಅಂದರೆ ನನಗೆ ಈಗಲೂ ಸಂಕಟವಾಗುತ್ತದೆ.

ಬಿಟ್ಟು ಹೋದವರ ಬಗ್ಗೆಯೂ ಹೇಳಬೇಕು. ಇದ್ದವಳು ದೇವತೆ, ಹೋದವಳು ಕೆಟ್ಟವಳು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನನಗೆ ಗೊತ್ತಿರುವ ಒಬ್ಬಾಕೆ ಬೇರೆಯಾದ ಮೇಲೂ, ಆಪರೇಷನ್ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಬೆಳಗಿಂದ ಸಂಜೆ ತನಕ ಕೂತಿದ್ದಳು. ಇನ್ನೊಬ್ಬಾಕೆ ಮನೆ ಬಿಟ್ಟಿಲ್ಲ, ಆದರೆ ದಿನಾ ಹಳೇ ಹೆಸರಿಟ್ಟೇ ಕರೆದು ಚುಚ್ಚುತ್ತಾಳೆ. ಅದೂ ಒಂದು ಜೊತೆಗಿರುವುದಾ?

ಹೆಸರಿನ ಮಾತು ಬಂತು. ನಮ್ಮ ಭಾಷೆಯಲ್ಲಿ 'ಅವರು' ಅನ್ನುವ ಪದ ಇರುವುದು ನನಗೆ ಎಷ್ಟು ಉಪಕಾರ ಮಾಡಿತು ಅಂದರೆ ಹೇಳೋಕಾಗಲ್ಲ. ಅವರು ಬಂದರು, ಅವರು ಊಟ ಮಾಡಿದರು. ಗಂಡೂ ಇಲ್ಲ ಹೆಣ್ಣೂ ಇಲ್ಲ, ಬರೀ ಗೌರವ. ಹೊರಗಿನವರ ಎದುರು ಎರಡು ವರ್ಷ ಅದರ ಮರೆಯಲ್ಲೇ ಇದ್ದೆ. ಆದರೆ ಮನೆಯೊಳಗೆ ನಾವು ಕಾಲೇಜಿನ ಗೆಳೆಯರು, ನನ್ನ ಬಾಯಲ್ಲಿ ಯಾವಾಗಲೂ "ಬಾರೋ", "ಹೋಗೋ", "ಏನೋ". ಆ ಒಂದು ಅಕ್ಷರ ನಾಲಿಗೆಗೆ ಅಂಟಿಕೊಂಡಿತ್ತು. ಒಂದು ದಿನ ಮಳೆ ಬಂತು, ಒಣಗಿಸಿದ ಬಟ್ಟೆ ನೆನೆಯುತ್ತಿತ್ತು, ಗಡಿಬಿಡಿಯಲ್ಲಿ "ಬೇಗ ಬಾರೇ" ಅಂತ ಕೂಗಿದೆ. ಯೋಚಿಸಿ ಹೇಳಿದ್ದಲ್ಲ. ಅವಳು ಬಂದು ಬಟ್ಟೆ ಎತ್ತಿಕೊಳ್ಳದೆ ಮಳೆಯಲ್ಲಿ ಸುಮ್ನೆ ನನ್ನನ್ನೇ ನೋಡುತ್ತಾ ನಿಂತಳು.

ಒಂದು ಸಣ್ಣ ವಿಷಯ ಹೇಳಿ ನಿಮ್ಮ ಪ್ರಶ್ನೆಗಳಿಗೆ ಬಿಡುತ್ತೇನೆ. ಮಾತ್ರೆಯಿಂದ ದನಿ ಬದಲಾಗಲ್ಲ ಅಂದೆನಲ್ಲ, ಅದಕ್ಕೆ ಅಭ್ಯಾಸ ಮಾಡಬೇಕು. ಅವಳು ಬಾಗಿಲು ಹಾಕಿಕೊಂಡು ತಿಂಗಳುಗಟ್ಟಲೆ ಅಭ್ಯಾಸ ಮಾಡಿದಳು. ನಾನು ಒಂದು ದಿನ "ನನ್ನ ಹತ್ತಿರ ಮಾತ್ರ ಹಳೇ ದನಿಯಲ್ಲೇ ಮಾತಾಡ್ತೀಯಾ?" ಅಂತ ಕೇಳಿದೆ. ಹೂಂ ಅಂದಳು, ಒಂದು ವರ್ಷ ಹಾಗೇ ಮಾತಾಡಿದಳು. ಆಮೇಲೆ ಒಮ್ಮೆ ಅವಳು ಗೆಳತಿಯ ಜೊತೆ ಫೋನಿನಲ್ಲಿ ಹೊಸ ದನಿಯಲ್ಲಿ ನಗುವುದು ಕೇಳಿಸಿತು. ಆ ಥರ ನಗುವುದನ್ನು ನಾನು ಅಷ್ಟು ವರ್ಷದಲ್ಲಿ ಕೇಳಿರಲಿಲ್ಲ. ಅವತ್ತು ರಾತ್ರಿ "ಇನ್ನು ಬೇಡ, ನಿನಗೆ ಹೇಗೆ ಬರುತ್ತೋ ಹಾಗೇ ಮಾತಾಡು" ಅಂದೆ. ಈಗ ಹೊಸ ದನಿಯೇ ಅವಳ ದನಿ. ಸೀನು ಬಂದಾಗ ಮಾತ್ರ ಹಳೇ ದನಿಯೇ ಬರುತ್ತದೆ. ಪಕ್ಕದ ಕೋಣೆಯಿಂದ ಅದು ಕೇಳಿಸಿದರೆ ನಾನು ಇವತ್ತಿಗೂ ಮಾಡುತ್ತಿದ್ದ ಕೆಲಸ ನಿಲ್ಲಿಸಿ ಒಂದು ಕ್ಷಣ ಹಾಗೇ ಇರುತ್ತೇನೆ.